ಪಕ್ಕದ ಎಲೆ

ಕಳೆದ ಜೂನ್ ತಿಂಗಳಲ್ಲಿ ಹಾಸನದ ಕಡೆಯ ಬಂಧುಗಳೊಬ್ಬರಿಂದ ನಮಗೆ ಫೋನು ಬಂತು. ಅವರ ಮಗಳಿಗೆ ತಿರುವನಂತಪುರದ ಕಾಲೇಜೊಂದರಲ್ಲಿ ಸೀಟು ಸಿಕ್ಕಿತ್ತು. “ಭಾವ, ನೀವು ಅಲ್ಲಿ ಹಳಬರು. ಹುಡುಗಿ ಎಲ್ಲಿ ಊಟ ಮಾಡಬಹುದು, ಎಲ್ಲಿ ಕಾಫಿ ಕುಡಿಯಬಹುದು, ಸಾಯಂಕಾಲ ಎಲ್ಲಿಗೆ ಹೋಗಿ ಬರಬಹುದು, ಒಂದು ಪಟ್ಟಿ ಕಳಿಸಿ. ನಮ್ಮಂಥವರು ಕೂತು ತಿನ್ನುವ ಕಡೆ ಮಾತ್ರ ಬರೆಯಿರಿ” ಎಂದರು.

ವಿಹಾರದ ಪಟ್ಟಿಯೇನೋ ಸುಲಭ. ಸಂಜೆಗೆ ಮ್ಯೂಸಿಯಂ ತೋಟ, ಕನಕಕುನ್ನು, ಶಂಖುಮುಖದ ಸಮುದ್ರತೀರ ಇವೆ. ಡಿಸೆಂಬರಿನ ಅಂತಾರಾಷ್ಟ್ರೀಯ ಚಲನಚಿತ್ರೋತ್ಸವದಲ್ಲಿ ವಿದ್ಯಾರ್ಥಿಗಳೇ ಹೆಚ್ಚಾಗಿ ಸಾಲು ನಿಲ್ಲುತ್ತಾರೆ. ರಜೆಯಲ್ಲಿ ರೈಲು ಹತ್ತಿದರೆ ಎರ್ನಾಕುಲಂನ ಮರೀನ್ ಡ್ರೈವ್ ಇದೆ, ಚೀನೀ ಬಲೆಗಳ ಫೋರ್ಟ್ ಕೊಚ್ಚಿ ಇದೆ. ಊಟದ ಪಟ್ಟಿಗೆ ಬಂದಾಗ ಮಾತ್ರ ನಮ್ಮ ಕೈ ನಿಂತಿತು.

ಮೊದಲು ಬರೆದದ್ದು ತಂಪಾನೂರಿನ ಇಂಡಿಯನ್ ಕಾಫಿ ಹೌಸಿನ ಹೆಸರು. ಬಸ್ ನಿಲ್ದಾಣದ ಪಕ್ಕದಲ್ಲಿ ಲಾರಿ ಬೇಕರ್ ಅವರು ಕಟ್ಟಿದ ಇಟ್ಟಿಗೆಯ ಗೋಪುರ ಅದು. ಒಳಗೆ ಮೆಟ್ಟಿಲಿಲ್ಲ, ನೆಲವೇ ಶಂಖದಂತೆ ಸುತ್ತುತ್ತ ಮೇಲೇರುತ್ತದೆ. 1950ರ ದಶಕದಲ್ಲಿ ಕಾಫಿ ಮಂಡಳಿಯು ತನ್ನ ಕಾಫಿ ಹೌಸುಗಳನ್ನು ಮುಚ್ಚತೊಡಗಿದಾಗ, ಕೆಲಸ ಕಳೆದುಕೊಂಡ ನೌಕರರು ಎ.ಕೆ. ಗೋಪಾಲನ್ ಅವರ ಪ್ರೇರಣೆಯಿಂದ ಸಹಕಾರ ಸಂಘಗಳನ್ನು ಕಟ್ಟಿಕೊಂಡರು. ಮೊದಲನೆಯದು 1957ರಲ್ಲಿ ನಮ್ಮ ಬೆಂಗಳೂರಿನಲ್ಲಿಯೇ ಹುಟ್ಟಿತು. ಕೇರಳದ ಮೊದಲ ಕಾಫಿ ಹೌಸು 1958ರಲ್ಲಿ ತ್ರಿಶೂರಿನಲ್ಲಿ ತೆರೆಯಿತು. ಇಲ್ಲಿ ರುಮಾಲು ಕಟ್ಟಿಕೊಂಡು ಬಡಿಸುವವರೇ ಒಡೆಯರು. ಮಸಾಲೆ ದೋಸೆಯ ಪಲ್ಯಕ್ಕೆ ಬೀಟ್‌ರೂಟ್ ಬಿದ್ದು ಕೆಂಪಗಿರುತ್ತದೆ. ಅದನ್ನು ನಾವು ತಿನ್ನುವಾಗ ಎದುರಿಗೆ ಕೂತವರು ಆಮ್ಲೆಟ್ಟನ್ನೋ ಮಾಂಸದ ಕಟ್ಲೆಟ್ಟನ್ನೋ ತಿನ್ನುತ್ತಿರಬಹುದು. ಹಾಗಾದರೆ ಇದು “ನಮ್ಮಂಥವರು ಕೂತು ತಿನ್ನುವ” ಸ್ಥಳವೇ?

ಸಸ್ಯಾಹಾರಿಯ ಅಸಹ್ಯವನ್ನು ಬರಿಯ ಮಡಿವಂತಿಕೆಯೆಂದು ತಳ್ಳಿಹಾಕುವುದು ನ್ಯಾಯವಲ್ಲ. ವಾಸನೆಗೆ ಹೊಟ್ಟೆ ತೊಳಸುವುದು ಸುಳ್ಳಲ್ಲ, ನಮಗೂ ಗೊತ್ತು. ಆದರೆ ವಿಜ್ಞಾನ ಓದಿದವರಾಗಿ ಇನ್ನೊಂದನ್ನೂ ಒಪ್ಪಬೇಕು: ಮೂಗು ಬಹುಮಟ್ಟಿಗೆ ಅಭ್ಯಾಸದ ಮಾತು ಕೇಳುತ್ತದೆ. ಈ ಊರಿಗೆ ಬಂದ ಹೊಸದರಲ್ಲಿ ತೆಂಗಿನೆಣ್ಣೆಯ ಒಗ್ಗರಣೆಗೇ ಮುಖ ಸಿಂಡರಿಸುತ್ತಿದ್ದವರು ನಾವು. ಈಗ ಅದಿಲ್ಲದಿದ್ದರೆ ಪಲ್ಯ ರುಚಿಸುವುದಿಲ್ಲ.

ಇಲ್ಲಿ ನಮ್ಮದೇ ತಪ್ಪೊಂದನ್ನು ಹೇಳಿಬಿಡುತ್ತೇವೆ. ಕಚೇರಿಯಲ್ಲಿ ಮಧ್ಯಾಹ್ನ ಊಟಕ್ಕೆಂದು ಒಂದು ಉದ್ದನೆಯ ಮೇಜು ಇತ್ತು. ನಾವು ಡಬ್ಬಿ ಬಿಚ್ಚುವ ಹೊತ್ತಿಗೆ ಹಿರಿಯ ಸಹೋದ್ಯೋಗಿಯೊಬ್ಬರು ಎದ್ದು ವರಾಂಡಕ್ಕೆ ಹೋಗುತ್ತಿದ್ದರು. ಗಾಳಿ ಬೇಕೆಂದು ಹೋಗುತ್ತಾರೆಂದೇ ನಮ್ಮ ಎಣಿಕೆ. ನಾಲ್ಕು ವರ್ಷ ಕಳೆದ ಮೇಲೆ ಒಂದು ಮಳೆಯ ದಿನ, ಅಲ್ಲಿ ಎರಚಲು ಹೊಡೆಯುತ್ತಿದೆ, ಒಳಗೆ ಬನ್ನಿ ಎಂದೆವು. “ಬೇಡ ಸಾರ್, ಇವತ್ತು ಮೀನು ಇದೆ. ನಿಮಗೆ ಕಷ್ಟವಾಗುತ್ತದೆ” ಎಂದರು. ಮೊದಲ ವಾರ ನಾವು ಮೂಗು ಮುಚ್ಚಿಕೊಂಡದ್ದನ್ನು ಅವರು ನೋಡಿದ್ದರಂತೆ. ನಾವು ಬಾಯಿಬಿಟ್ಟು ಯಾರನ್ನೂ ಏಳಿಸಿರಲಿಲ್ಲ. ಆದರೂ ಒಬ್ಬರು ನಾಲ್ಕು ವರ್ಷ ಹೊರಗೆ ಕೂತು ಉಂಡಿದ್ದರು. ಆ ದಿನವೂ ನಾವು ಎರಡನೆಯ ಬಾರಿ ಕರೆಯಲಿಲ್ಲ. ಅವರು ನಿವೃತ್ತರಾದರು. ಒಂದೇ ಮೇಜಿನಲ್ಲಿ ಕೂರುವುದು ಆಗಲೇ ಇಲ್ಲ.

ಊಟದ ಸಾಲಿನಿಂದ ಏಳಿಸುವುದು ಹಳೆಯ ರೋಗ. ನಮ್ಮ ಕಡೆಯ ಹಿಂದಿನ ಹೋಟೆಲುಗಳಲ್ಲಿ ಬ್ರಾಹ್ಮಣರಿಗೆ ಬೇರೆ ಕೋಣೆ ಇರುತ್ತಿತ್ತು. ಕೊಚ್ಚಿಯ ಎದುರಿನ ವೈಪಿನ್ ದ್ವೀಪದ ಚೆರಾಯಿಯಲ್ಲಿ 1917ರಲ್ಲಿ ಸಹೋದರನ್ ಅಯ್ಯಪ್ಪನ್ ಎಂಬ ತರುಣ, ಈಳವರನ್ನೂ ಪುಲಯರನ್ನೂ ಒಟ್ಟಿಗೆ ಕೂರಿಸಿ ಮಿಶ್ರಭೋಜನ ನಡೆಸಿದರು. ಅವರ ಸ್ವಂತ ಸಮುದಾಯವೇ ಬಹಿಷ್ಕಾರ ಹಾಕಿತು. “ಪುಲಯನ್ ಅಯ್ಯಪ್ಪನ್” ಎಂದು ಜನ ಹಂಗಿಸಿದರು. ಅವರು ಅದನ್ನು ಬಿರುದೆಂದು ತೆಗೆದುಕೊಂಡರು. ನಮ್ಮ ಸಂಘದ ರಾಜ್ಯೋತ್ಸವದ ಊಟವನ್ನೇ ನೋಡಿ. ಊರಿನಲ್ಲಿದ್ದರೆ ನಮ್ಮ ಅಜ್ಜಂದಿರು ಒಂದೇ ಪಂಕ್ತಿಯಲ್ಲಿ ಕೂರುತ್ತಿದ್ದರೇ? ಪರಸ್ಥಳದಲ್ಲಿ ಕನ್ನಡ ನಮ್ಮನ್ನು ಕೂರಿಸಿದೆ. ಅಷ್ಟು ದೂರ ಬಂದವರು ಇನ್ನೊಂದು ಹೆಜ್ಜೆ ಇಡಲಾರೆವೇ?

ನಮಗೆ ತೋಚುವುದಿಷ್ಟು. ನಮ್ಮ ಎಲೆಗೆ ಏನು ಬೀಳಬೇಕೆಂಬುದು ನಮ್ಮ ಹಕ್ಕು. ಅದನ್ನು ಬಿಡಬೇಕೆಂದು ಯಾರೂ ಒತ್ತಾಯಿಸಬಾರದು, ಮಕ್ಕಳ ಸ್ನೇಹಿತರೂ ಸಹ. ಪಕ್ಕದ ಎಲೆಗೆ ಏನು ಬೀಳಬೇಕೆಂಬುದರಲ್ಲಿ ನಮಗೆ ಮಾತಿಲ್ಲ. ಕಾಲೇಜಿನ ಪಾಠ ತರಗತಿಯಲ್ಲಿ ಸಿಗುತ್ತದೆ. ಜೊತೆಯವರು ಸಿಗುವುದು ಚಹಾದ ಅಂಗಡಿಯಲ್ಲಿ. ಅಲ್ಲಿ ಬೇರೆ ಕೂತ ಮಗು ಮೂರು ವರ್ಷ ಬೇರೆಯೇ ಉಳಿದೀತು.

ಪಟ್ಟಿ ಕಳಿಸಿದೆವು. ಶುದ್ಧ ಸಸ್ಯಾಹಾರದ ಹೋಟೆಲುಗಳನ್ನೂ ಬರೆದೆವು, ಕಾಫಿ ಹೌಸನ್ನೂ ಬಿಡಲಿಲ್ಲ. ಕೊನೆಗೆ ಒಂದು ಸಾಲು ಸೇರಿಸಿದೆವು: “ತಿನ್ನುವುದನ್ನು ಅವಳೇ ಆರಿಸಿಕೊಳ್ಳಲಿ. ಅವಳು ಬಂದಳೆಂದು ಯಾರೂ ಎದ್ದು ಹೋಗದಂತೆ ಕೂರಲಿ.” ಬಂಧುಗಳಿಂದ ಇನ್ನೂ ಉತ್ತರ ಬಂದಿಲ್ಲ. ಹುಡುಗಿ ಮಾತ್ರ ಮೊನ್ನೆ ಭಾನುವಾರ ಮನೆಗೆ ಬಂದಿದ್ದಳು. ಜೊತೆಗೆ ಇಬ್ಬರು ಗೆಳತಿಯರಿದ್ದರು. ನಮ್ಮ ಮನೆಯವರು ಎಲ್ಲರಿಗೂ ಅಕ್ಕಿರೊಟ್ಟಿ ತಟ್ಟಿಕೊಟ್ಟರು.