ಬೆಟ್ಟ ಏರದ ಭಕ್ತಿ

ಸೊಲ್ಲಾಪುರ, ಅಕ್ಕಲಕೋಟೆ ಸೀಮೆಯ ಅನೇಕ ಕನ್ನಡ ಮನೆಗಳಲ್ಲಿ ಜನ್ಮಕ್ಕೊಮ್ಮೆ ಕೇದಾರ ಕಾಣಬೇಕೆಂಬ ಆಸೆಯಿದೆ. ಕೇದಾರ ವೀರಶೈವರ ಪಂಚಪೀಠಗಳಲ್ಲೊಂದು. ಅಲ್ಲಿನ ಧಾರ್ಮಿಕ ಮುಖ್ಯಸ್ಥರಾದ ರಾವಲರೂ ಆ ಪರಂಪರೆಯವರೇ. ಗಿರಣಿಯ ಹತ್ತಿ ದೂಳು, ಬೀಡಿಯ ತಂಬಾಕಿನ ಘಾಟು, ಒಲೆಯ ಹೊಗೆ ಕುಡಿದು ಶ್ವಾಸಕೋಶ ಕೆಟ್ಟವರೂ ಇದೇ ಸೀಮೆಯಲ್ಲಿದ್ದಾರೆ. ಇಂಥ ದಮ್ಮಿನ ರೋಗಿ ವೈದ್ಯರು ಬೇಡವೆಂದರೂ ಕೇದಾರಕ್ಕೆ ಹೊರಟರೆ ಅದು ಭಕ್ತಿಯೋ ಹಠವೋ? ಹಠ ಎನ್ನುವುದೇ ನನ್ನ ವಾದ. ಅದಕ್ಕೆ ವೈದ್ಯಶಾಸ್ತ್ರದ ಆಧಾರವಷ್ಟೇ ಅಲ್ಲ, ಸೊಲ್ಲಾಪುರದ ದೇವರ ಆಧಾರವೂ ಇದೆ.

ಸೊಲ್ಲಾಪುರ ಇರುವುದು ಸುಮಾರು 450 ಮೀಟರ್ ಎತ್ತರದಲ್ಲಿ, ಕೇದಾರನಾಥ 3,583 ಮೀಟರಿನಲ್ಲಿ. ಅಲ್ಲಿಯೂ ಗಾಳಿಯಲ್ಲಿ ಆಮ್ಲಜನಕದ ಪಾಲು ಶೇ. 21ರಷ್ಟೇ. ಆದರೆ ಗಾಳಿಯ ಒತ್ತಡ ಕುಸಿದಿರುವುದರಿಂದ ಪ್ರತಿ ಉಸಿರಿನಲ್ಲಿ ಸಿಗುವ ಆಮ್ಲಜನಕ ನಮ್ಮೂರಿಗಿಂತ ಸುಮಾರು ಮೂರನೇ ಒಂದು ಪಾಲು ಕಡಿಮೆ. ಗಟ್ಟಿ ಶ್ವಾಸಕೋಶದವರು ಆಳವಾಗಿ, ಬೇಗಬೇಗ ಉಸಿರಾಡಿ ಕೊರತೆ ತುಂಬಿಕೊಳ್ಳುತ್ತಾರೆ. ಸಿಒಪಿಡಿ (ದೀರ್ಘಕಾಲದ ಶ್ವಾಸಕೋಶದ ರೋಗ) ಇದ್ದವರ ಶ್ವಾಸನಾಳಗಳೇ ಕಿರಿದಾಗಿರುವುದರಿಂದ ಅವರಿಗೆ ಆ ಅನುಕೂಲವಿಲ್ಲ. ಸಾಲದ್ದಕ್ಕೆ ಆಮ್ಲಜನಕ ಕಡಿಮೆಯಾದಾಗ ಶ್ವಾಸಕೋಶದ ರಕ್ತನಾಳಗಳು ಬಿಗಿದು ಹೃದಯದ ಬಲಭಾಗಕ್ಕೆ ಹೊರೆ ಹೆಚ್ಚುತ್ತದೆ. ಗುಲ್ಮಾರ್ಗದಲ್ಲಿ ಹಿಮದ ಮೇಲೆ ಜಾರುವ ಆಟಕ್ಕೆ ಗೊಂಡೊಲಾ (ಕೇಬಲ್ ಕಾರ್) ಹತ್ತಿ 3,900 ಮೀಟರ್ ದಾಟುವವರಿಗೂ, ಹೆಲಿಕಾಪ್ಟರಿನಲ್ಲಿ ಕೇದಾರಕ್ಕೆ ಇಳಿಯುವವರಿಗೂ ಈ ಲೆಕ್ಕ ಒಂದೇ: ಕಾಲಿನ ಶ್ರಮ ತಪ್ಪುತ್ತದೆ, ಶ್ವಾಸಕೋಶದ್ದು ತಪ್ಪುವುದಿಲ್ಲ, ದೇಹ ಹೊಂದಿಕೊಳ್ಳಲು ಸಮಯವೂ ಸಿಗುವುದಿಲ್ಲ. 2022ರ ಚಾರ್‌ಧಾಮ್ ಯಾತ್ರೆಯಲ್ಲಿ ಆರೋಗ್ಯ ಕೆಟ್ಟು ಸತ್ತವರೇ 200ಕ್ಕೂ ಹೆಚ್ಚು.

ಕಷ್ಟವಿಲ್ಲದೆ ಯಾತ್ರೆ ಎಲ್ಲಿಯದು, ಕಾಯುವ ಶಿವನಿಗೆ ದಮ್ಮು ದೊಡ್ಡದೇ ಎಂದು ಕೇಳುವವರಿದ್ದಾರೆ. ಅವರು ಸೊಲ್ಲಾಪುರದ ದೇವರಾದ ಸಿದ್ಧರಾಮನ ಕಥೆ ನೆನೆಯಲಿ. ರಾಘವಾಂಕನ ‘ಸಿದ್ಧರಾಮ ಚಾರಿತ್ರ’ದಲ್ಲಿ ದನ ಕಾಯುವ ಹುಡುಗ ಸಿದ್ಧರಾಮ ಮಲ್ಲಯ್ಯನನ್ನು (ಮಲ್ಲಿಕಾರ್ಜುನನನ್ನು) ಹುಡುಕಿ ಶ್ರೀಶೈಲಕ್ಕೆ ಹೋಗುತ್ತಾನೆ; ಕಾಣದೆ ಕೊಳ್ಳಕ್ಕೆ ಹಾರಲು ಹೊರಡುತ್ತಾನೆ. ದೇವರು ಅವನನ್ನು ಹಿಡಿದು ನಿಲ್ಲಿಸುತ್ತಾನೆ. ಹಾರಲು ಹೋದದ್ದಕ್ಕೇ ದರ್ಶನವಾಯಿತಲ್ಲ ಎಂಬ ಪ್ರಶ್ನೆ ನ್ಯಾಯವಾದದ್ದೇ. ಆದರೆ ದರ್ಶನ ಕೊಟ್ಟ ದೇವರು ಆ ಪ್ರಾಣಾರ್ಪಣೆಯನ್ನು ಒಪ್ಪಲಿಲ್ಲ. ಸೊನ್ನಲಿಗೆಗೆ (ಇಂದಿನ ಸೊಲ್ಲಾಪುರಕ್ಕೆ) ಮರಳಿ ಅದನ್ನೇ ಶ್ರೀಶೈಲ ಮಾಡು ಎಂದು ಕಳಿಸಿದ. ಹುಡುಗ ಬಂದು ಕೆರೆ ಕಟ್ಟಿಸಿದ, 68 ಲಿಂಗಗಳನ್ನು ಸ್ಥಾಪಿಸಿದ ಎನ್ನುತ್ತದೆ ಪರಂಪರೆ. ಸಂಕ್ರಾಂತಿಯ ಗಡ್ಡಾ ಜಾತ್ರೆಯಲ್ಲಿ ನಂದಿಧ್ವಜಗಳು ಇಂದಿಗೂ ಆ ಲಿಂಗಗಳ ಸುತ್ತು ಹಾಕುತ್ತವೆ. ಅಕ್ಕಲಕೋಟೆಯ ಸ್ವಾಮಿ ಸಮರ್ಥರೂ ಹಿಮಾಲಯ ಸುತ್ತಿ ಬಂದವರೆಂಬುದು ಭಕ್ತರ ನಂಬಿಕೆ. ಅವರು ನೆಲೆನಿಂತು 1878ರಲ್ಲಿ ಸಮಾಧಿಯಾದದ್ದು ಈ ಬಯಲಿನಲ್ಲೇ.

ಕೇದಾರದ ದಾರಿಯಲ್ಲಿ ಸತ್ತರೆ ಮೋಕ್ಷ, ಪಾಂಡವರು ಹೋದದ್ದೂ ಹಿಮಾಲಯಕ್ಕೇ ಎನ್ನುವ ಮಾತೂ ಉಂಟು. ಪಾಂಡವರು ರಾಜ್ಯವನ್ನು ಪರೀಕ್ಷಿತನಿಗೊಪ್ಪಿಸಿ, ಎಲ್ಲ ಹೊಣೆ ಮುಗಿಸಿ ಹೊರಟವರು. ಹಿಂತಿರುಗುವ ರೈಲಿನ ಟಿಕೆಟ್ ಕಾದಿರಿಸಿ ಹೊರಟವರಿಗೆ ಆ ಮಾದರಿ ಒಪ್ಪುವುದಿಲ್ಲ. ದಾರಿಯಲ್ಲಿ ಕುಸಿದವರನ್ನು ಹೊರಬೇಕಾದವರು ಡೋಲಿಯ ಕೂಲಿಗಳು, ಕಂಗಾಲಾಗುವವರು ಮನೆಯವರು. ನಮ್ಮ ಪುಣ್ಯಕ್ಕೆ ಇನ್ನೊಬ್ಬರು ಬೆವರು ಸುರಿಸಬೇಕೆಂದರೆ ಅದು ಯಾವ ಸೀಮೆಯ ಪುಣ್ಯ?

ಹಾಗಾದರೆ ರೋಗಿಗೆ ಕೇದಾರದ ಬಾಗಿಲು ಮುಚ್ಚಿತೇ? ಇಲ್ಲ. ಹತೋಟಿಯಲ್ಲಿರುವ ಆಸ್ತಮಾದವರು ಪರೀಕ್ಷೆ ಮಾಡಿಸಿಕೊಂಡು, ಔಷಧಿ ಬಿಡದೆ, ನಡುವೆ ತಂಗುತ್ತ ನಿಧಾನವಾಗಿ ಏರಬಹುದು. ಏರಲಾಗದವರಿಗೆ ಸಂಪ್ರದಾಯವೇ ದಾರಿ ತೋರಿಸಿದೆ. ದೀಪಾವಳಿಯ ನಂತರ ಗುಡಿ ಮುಚ್ಚಿದಾಗ ಕೇದಾರನ ಉತ್ಸವಮೂರ್ತಿ ಸುಮಾರು 1,300 ಮೀಟರ್ ಎತ್ತರದ ಊಖೀಮಠಕ್ಕೆ ಇಳಿದು ಬರುತ್ತದೆ. ಚಳಿಗಾಲದ ಪೂಜೆಯೆಲ್ಲ ಅಲ್ಲೇ. ಮನೆಯಲ್ಲಿ ದಮ್ಮಿನ ಹಿರಿಯರಿದ್ದರೆ ಟಿಕೆಟ್ ತೆಗೆಸುವ ಮೊದಲು ವೈದ್ಯರಲ್ಲಿಗೆ ಕರೆದೊಯ್ಯಿರಿ. ವೈದ್ಯರು ಬೇಡವೆಂದರೆ ಊಖೀಮಠಕ್ಕೆ ಹೊರಡಿಸಿ.