ಹಳೆಯ ಹಾಡಿಕೆಯೂ ರಸಿಕರ ಅಭಿಮಾನವೂ

ಧಾರವಾಡದಲ್ಲಿ ನಾಲ್ಕು ಜನ ಹಿರಿಯರು ಒಂದೆಡೆಗೆ ಕೂತರೆಂದರೆ ಮಾತು ಮಳೆ-ಬೆಳೆಗಳಿಂದ ಹೊರಟು ಹಾಡಿಕೆಗೆ ಬಂದು ಮುಟ್ಟಲು ಬಹಳ ಹೊತ್ತು ಹಿಡಿಯುವದಿಲ್ಲ. ಹಾಡಿಕೆಗೆ ಬಂದ ಮಾತು ‘ಈಗೇನು ಉಳಿದಿದೆ?’ ಎಂಬ ನಿಟ್ಟುಸಿರಿನಲ್ಲಿ ನಿಲ್ಲುವದೂ ಅಷ್ಟೇ ನಿಶ್ಚಿತವು. ಈ ನಿಟ್ಟುಸಿರನ್ನು ನಾನೂ ಬಹಳ ವರ್ಷ ಬಿಟ್ಟವನೇ ಸರಿ. ಅದು ದುಃಖದ ಉಸಿರೋ ಹೆಮ್ಮೆಯ ಉಸಿರೋ ಎಂಬ ಸಂಶಯವು ನನಗೆ ಹುಟ್ಟಿದ್ದು ಇತ್ತೀಚೆಗೆ; ಅದೂ ಒಬ್ಬ ಹುಡುಗಿಯ ದೆಸೆಯಿಂದ.

ಮಾಳಮಡ್ಡಿಯ ನಮ್ಮ ಮನೆಯಲ್ಲಿ ಒಂದು ರವಿವಾರ ಸಂಜೆ ಮೂವರು ಸ್ನೇಹಿತರು ಕೂಡಿದ್ದೆವು. ಕಾಲೇಜಿನಲ್ಲಿ ಓದುವ ನನ್ನ ತಮ್ಮನ ಮಗಳು ಈಗಿನ ಗಾಯಕಿಯೊಬ್ಬಳ ಯಮನ್ ರಾಗವನ್ನು ತನ್ನ ಮೊಬಾಯಿಲಿನಲ್ಲಿ ಹಚ್ಚಿ, ದೊಡ್ಡವರೂ ಕೇಳಲೆಂದು ಸಂಭ್ರಮದಿಂದ ನಮ್ಮ ನಡುವೆ ತಂದಿಟ್ಟಳು. ಎರಡು ನಿಮಿಷ ಕೂಡ ಆಗಿರಲಿಲ್ಲ. ನಾನು ಕೈಯೆತ್ತಿ, “ಸಾಕು ಮಾಡು ತಂಗಿ. ಅಬ್ದುಲ್ ಕರೀಮ್ ಖಾನರನ್ನ ಕೇಳಿದ ಕಿವಿಗೆ ಇದೆಲ್ಲ ಹತ್ತೂದಿಲ್ಲ” ಎಂದೆನು. ಸ್ನೇಹಿತರು ತಲೆದೂಗಿದರು. ಹುಡುಗಿಯು ಸಿಟ್ಟಾಗಲಿಲ್ಲ. ಮೊಬಾಯಿಲು ತೆಗೆದುಕೊಂಡು ಹೊರಟವಳು ಬಾಗಿಲಲ್ಲಿ ನಿಂತು, “ದೊಡ್ಡಪ್ಪಾ, ನೀವು ಅವರನ್ನ ಯಾವಾಗ ಕೇಳಿದ್ರಿ?” ಎಂದು ಕೇಳಿದಳು.

ಖಾನಸಾಹೇಬರು ತೀರಿಕೊಂಡದ್ದು 1937ರಲ್ಲಿ, ತಮಿಳುನಾಡಿನ ಸಿಂಗಪೆರುಮಾಳ್ ಕೋಯಿಲ್ ಎಂಬ ಸಣ್ಣ ರೈಲು ನಿಲ್ದಾಣದಲ್ಲಿ. ಆಗ ನನ್ನ ತಂದೆಯವರೇ ಇನ್ನೂ ಕನ್ನಡ ಶಾಲೆಯ ಹುಡುಗರು. ನಾನು ಕೇಳಿದ್ದು ಮಗ್ಗುಲೊಂದಕ್ಕೆ ಮೂರು ನಿಮಿಷದಷ್ಟು ಹಾಡುವ ಗ್ರಾಮಾಫೋನ್ ತಟ್ಟೆಗಳನ್ನು. ಅದೂ ಅವನ್ನು ಯಾರೋ ಕ್ಯಾಸೆಟ್ಟಿಗೆ ಇಳಿಸಿದ ಮೇಲೆ. ಅವಳು ಕೇಳುವದೂ ಯಂತ್ರದಿಂದ, ನಾನು ಕೇಳಿದ್ದೂ ಯಂತ್ರದಿಂದಲೇ. ಹೀಗಿದ್ದು ನಾನು ಯಾವ ಬಲದ ಮೇಲೆ ಅವಳ ಕಿವಿಯನ್ನು ಕೀಳುಗಳೆದೆನು?

ಹಳೆಯದನ್ನು ನೆನೆಯುವದೇ ದೋಷವೆಂದು ನಾನು ಹೇಳುವದಿಲ್ಲ. ಇದೇ ಧಾರವಾಡದಲ್ಲಿ ಬಾಳಿದ ಆಲೂರ ವೆಂಕಟರಾಯರು 1917ರಲ್ಲಿ ‘ಕರ್ನಾಟಕ ಗತವೈಭವ’ವನ್ನು ಪ್ರಕಟಿಸಿದಾಗ ಅವರು ಮಾಡಿದ್ದೂ ನೆನೆಯುವ ಕೆಲಸವನ್ನೇ. ಆದರೆ ಆ ನೆನಪು ಮಲಗಿದವರನ್ನು ಎಬ್ಬಿಸಿ ಒಳಗೆ ಕರೆಯುವಂಥದು. ಓದಿದ ಪ್ರತಿಯೊಬ್ಬನೂ ತಾನು ಆ ವೈಭವಕ್ಕೆ ವಾರಸುದಾರನೆಂದು ತಿಳಿಯಲೆಂಬದೇ ಅದರ ಉದ್ದೇಶವು. ನನ್ನ ನೆನಪು ಆ ಸಂಜೆ ಬಾಗಿಲಿಗೆ ಅಗಳಿ ಹಾಕುವ ಕೆಲಸ ಮಾಡಿತು. ಮುಂಚೆ ಹುಟ್ಟಿದ್ದು ಒಂದು ಗುಣವೆಂಬಂತೆ ನಾವು ನಡೆದುಕೊಳ್ಳುತ್ತೇವೆ. ಮುಂಚೆ ಹುಟ್ಟದಿದ್ದವರು, ನನ್ನಂಥವರು, ಮುಂಚೆ ಹುಟ್ಟಿದವರ ಮಾತುಗಳನ್ನು ಕಡ ತಂದು ಆಡುತ್ತೇವೆ. ಈ ಎರಡನೆಯ ತರದ ಅಭಿಮಾನವು ಮೊದಲನೆಯದಕ್ಕಿಂತ ಹೆಚ್ಚು ಕಟುವಾಗಿರುತ್ತದೆಂಬದು ನನ್ನ ಅನುಭವ.

ಮೇಲಾಗಿ, ಯಾರ ಹೆಸರಿನಿಂದ ನಾವು ಈ ಅಗಳಿ ಹಾಕುತ್ತೇವೋ ಅವರೇ ಇಂಥ ಅಗಳಿಗಳನ್ನು ಮನ್ನಿಸಿದವರಲ್ಲ. ‘ಘರಾಣೆ’ ಎಂಬದು ‘ಘರ್’, ಅಂದರೆ ಮನೆ ಎಂಬ ಶಬ್ದದಿಂದ ಬಂದದ್ದು. ಮನೆಯೆಂದ ಮೇಲೆ ಒಳಗಿನವರು ಹೊರಗಿನವರು ಎಂಬ ಭೇದ ಬಂದೇ ಬರುವದೆಂದು ನಾವು ತಿಳಿಯುತ್ತೇವೆ. ಆದರೆ ಅಬ್ದುಲ್ ಕರೀಮ್ ಖಾನರ ಮನೆ ಎಲ್ಲಿಯದು? ಉತ್ತರ ಹಿಂದುಸ್ಥಾನದ ಕೈರಾನಾ ಎಂಬ ಊರಿನದು. ಅವರು ಮಿರಜಿನಲ್ಲಿ ನೆಲೆಸಿ, ಮೈಸೂರಿಗೆ ಹೋಗಿಬರುವ ರೈಲುದಾರಿಯ ಮೇಲಿನ ಕುಂದಗೋಳದಲ್ಲಿ ಇಳಿದು, ಅಲ್ಲಿಯ ಹುಡುಗನೊಬ್ಬನನ್ನು ಸವಾಯಿ ಗಂಧರ್ವರನ್ನಾಗಿ ಮಾಡಿದರು. ಇಂದು ನಮ್ಮ ನೆಲದ್ದೇ ಎಂದು ನಾವು ಎದೆಯುಬ್ಬಿಸುವ ಗಾಯಕಿಯು ಮಾಳಮಡ್ಡಿಯ ಮಗ್ಗುಲಲ್ಲೇ ಹಾಯುವ ಈ ಹಳಿಗಳ ಮೇಲೆ ಪರಸ್ಥಳದಿಂದ ಬಂದಿಳಿದದ್ದು. ಅಷ್ಟೇ ಅಲ್ಲ, ಖಾನಸಾಹೇಬರು ದಕ್ಷಿಣಾದಿ ಸಂಗೀತವನ್ನು ಆದರದಿಂದ ಕೇಳಿ, ಅಲ್ಲಿಯ ಸ್ವರ ಹಾಡುವ ರೂಢಿಯನ್ನು ತಮ್ಮ ಖ್ಯಾಲಿನಲ್ಲಿ ಸೇರಿಸಿಕೊಂಡರು. ಖರಹರಪ್ರಿಯದ ತ್ಯಾಗರಾಜ ಕೃತಿಯೊಂದನ್ನು ತಟ್ಟೆಗೂ ಹಾಡಿದರು.

ಧಾರವಾಡದ ಟ್ರೇನಿಂಗ್ ಕಾಲೇಜಿನಲ್ಲಿ ಸಂಗೀತ ಕಲಿಸಿದ ಭಾಸ್ಕರಬುವಾ ಬಖಲೆಯವರು ಗ್ವಾಲ್ಹೇರ, ಆಗ್ರಾ, ಜಯಪುರ ಈ ಮೂರೂ ಪದ್ಧತಿಗಳ ಗುರುಗಳಿಂದ ವಿದ್ಯೆ ಪಡೆದವರು. ಮಲ್ಲಿಕಾರ್ಜುನ ಮನ್ಸೂರರು ಮೊದಲು ಗ್ವಾಲ್ಹೇರದ ನೀಲಕಂಠಬುವಾ ಮಿರಜಕರರ ಶಿಷ್ಯರು, ಅನಂತರ ಜಯಪುರದ ಮಂಜೀಖಾನ-ಬುರ್ಜೀಖಾನರ ಶಿಷ್ಯರು. ಇನ್ನೂ ಹಿಂದಕ್ಕೆ ಹೋದರೆ ಖ್ಯಾಲೇ ಹೊಸದು! ದಿಲ್ಲಿಯಲ್ಲಿ ಮುಹಮ್ಮದಶಹನ ಆಳಿಕೆಯಲ್ಲಿ (1719-1748) ಸದಾರಂಗನು ಖ್ಯಾಲುಗಳನ್ನು ರಚಿಸುವಾಗ, ಧ್ರುಪದವನ್ನು ಕೇಳಿ ಬೆಳೆದ ಯಾವನಾದರೊಬ್ಬ ಮುದುಕನು ಮೂಲೆಯಲ್ಲಿ ಕೂತು ನನ್ನಂತೆಯೇ ಕೈಯೆತ್ತಿರಲಿಕ್ಕೆ ಸಾಕು.

ನೆನಪಿಗೆ ಇನ್ನೊಂದು ದೋಷವುಂಟು. ಅದು ಹಳೆಯ ಬೈಠಕಿನ ತಂಬೂರಿಯ ನಾದವನ್ನು ಇಟ್ಟುಕೊಂಡು, ಅಲ್ಲಿ ಯಾರು ಎಲ್ಲಿ ಕೂಡ್ರಬೇಕಿತ್ತು ಎಂಬದನ್ನು ಮರೆತುಬಿಡುತ್ತದೆ. ಧಾರವಾಡದ ಶುಕ್ರವಾರಪೇಟೆಯಲ್ಲಿ ಬೆಳೆದ ಗಂಗೂಬಾಯಿ ಹಾನಗಲ್ಲರು 1924ರ ಬೆಳಗಾವಿ ಕಾಂಗ್ರೆಸ್ಸಿನಲ್ಲಿ ಗಾಂಧೀಜಿಯವರ ಎದುರು ಹಾಡಿದಾಗ ಹನ್ನೊಂದು ವರ್ಷದ ಹುಡುಗಿ. ಊಟವಾದ ಮೇಲೆ ತನ್ನ ಜಾತಿಯನ್ನು ನೋಡಿ ಎಂಜಲೆಲೆ ಎತ್ತೆಂದು ಎಲ್ಲಿ ಹೇಳುವರೋ ಎಂಬ ಅಂಜಿಕೆ ಅಂದು ಆ ಹುಡುಗಿಗೆ ಇದ್ದಿತು. ನಾವು ‘ಹೋಯಿತಲ್ಲ!’ ಎಂದು ಮರುಗುವ ಸುವರ್ಣಕಾಲದಲ್ಲಿ ಇದೂ ಸೇರಿತ್ತು. ಗಂಡು ಗಾಯಕನು ಪಂಡಿತನೋ ಉಸ್ತಾದನೋ ಆಗುವನು, ಹೆಂಗಸು ಎಷ್ಟು ದೊಡ್ಡವಳಾದರೂ ಬಾಯಿಯಾಗಿಯೇ ಉಳಿಯುವಳು ಎಂಬರ್ಥದ ನೋವಿನ ಮಾತನ್ನು ಅವರು ಮುಂದೆ ಆಡಿದ್ದುಂಟು.

ಅವರ ಧ್ವನಿಯ ಸಂಗತಿಯೂ ಇಲ್ಲಿ ಹೇಳತಕ್ಕದ್ದೇ. ಮೊದಲು ಗಾಂಧಾರಿ ಎಂಬ ಹೆಸರಿನಿಂದ ಹೊರಟ ತಟ್ಟೆಗಳಲ್ಲಿ ಅವರದು ಎಳೆಯ, ಎತ್ತರದ ಕಂಠ. ಗಂಟಲಿನ ಚಿಕಿತ್ಸೆಯ ಮೇಲೆ ಅದು ಇಳಿದು ಗಡುಸಾಯಿತು. ಹಳೆಯ ಕಂಠವೇ ನಿಜವಾದದ್ದೆಂದು ಹಟ ಹಿಡಿದು ಊರು ಅಂದೇ ಕಿವಿ ಮುಚ್ಚಿಕೊಂಡಿದ್ದರೆ, ಲೋಕವು ಕೈಮುಗಿದ ಆ ಗಂಭೀರ ನಾದವೇ ನಮಗೆ ಇಲ್ಲವಾಗುತ್ತಿತ್ತು.

ಈ ರೋಗ ನಮ್ಮೂರಿನದಷ್ಟೇ ಎಂದೂ ಯಾರೂ ತಿಳಿಯಬಾರದು. ಅಮೆರಿಕೆಯ ಶಿಕಾಗೋದಲ್ಲಿ 1980ರ ಸುಮಾರಿಗೆ ‘ಹೌಸ್’ ಎಂಬ ಕುಣಿತದ ಸಂಗೀತವು ಹುಟ್ಟಿತಂತೆ. ವೇರ್‌ಹೌಸ್ ಎಂಬ ನೃತ್ಯಶಾಲೆಯಿಂದ ಅದಕ್ಕೆ ಆ ಹೆಸರು. ನೋಡಿರಿ, ಅದೂ ‘ಮನೆ’ಯೇ! ಬೇರೆಡೆಗೆ ಹೊಸ್ತಿಲು ದಾಟಗೊಡದಿದ್ದ ಕರಿಯ ತರುಣರು ಅಲ್ಲಿ ಕೂಡುತ್ತಿದ್ದರು. ಈಗ ಅದರ ಹಳೆಯ ರಸಿಕರಲ್ಲಿ ಕೆಲವರು ಹೊಸಬರಿಗೆ, ನೀವು ಕೇಳುವದು ಹೌಸೇ ಅಲ್ಲ ಎನ್ನುತ್ತಾರೆಂದು ನನಗೆ ತಿಳಿಸಿದವಳು ಅದೇ ಹುಡುಗಿ. ಹೇಳುವಾಗ ನನ್ನ ಮುಖವನ್ನೇ ನೋಡುತ್ತಿದ್ದಳು.

ಹಾಗಾದರೆ ಒಳ್ಳೆಯದು ಕೆಟ್ಟದು ಎಂಬ ವಿವೇಕವನ್ನೇ ಬಿಡಬೇಕೋ? ಬಿಡಕೂಡದು. ಒಂದೇ ಸ್ವರಸಮೂಹವನ್ನು ದಿನಗಟ್ಟಲೆ ತಿದ್ದಿಸುವ ಗುರುವಿನ ತಾಳ್ಮೆ, ಅದಕ್ಕಾಗಿ ಹುಬ್ಬಳ್ಳಿಯಿಂದ ಕುಂದಗೋಳಕ್ಕೆ ರೈಲಿನಲ್ಲಿ ಎಡತಾಕಿದ ಗಂಗೂಬಾಯಿಯವರಂಥ ಶಿಷ್ಯರ ಶ್ರದ್ಧೆ, ಇವು ಕಡಿಮೆಯಾಗಿದ್ದರೆ ಹಾಗೆಂದು ಸ್ಪಷ್ಟವಾಗಿ ಹೇಳಬೇಕು. ಈಗಿನವರ ತಾನುಗಳಲ್ಲಿ ಆತುರವಿದ್ದರೆ ಇಲ್ಲಿ ಆತುರವಿದೆಯೆಂದು ಬೆರಳಿಟ್ಟು ತೋರಿಸಬೇಕು. ಆದರೆ ತೋರಿಸಬೇಕಾದರೆ ಮೊದಲು ಕೇಳಬೇಕು. ನಾನು ಎರಡು ನಿಮಿಷವೂ ಕೇಳಿರಲಿಲ್ಲ. ಮುಂದಿನ ಕೇಳುಗಳಾಗಬೇಕಾದವಳನ್ನು ಎಬ್ಬಿಸಿ ಕಳಿಸಿದ ಮೇಲೆ ನಾನು ಕಾಯ್ದಿಡುವ ಸಂಗೀತವು ಯಾರ ಸಲುವಾಗಿ?

ಮುಂದಿನ ರವಿವಾರ ಅವಳನ್ನು ಕರೆದು, “ಆ ಯಮನ್ ಹಚ್ಚು” ಎಂದೆನು. “ನಲವತ್ತು ನಿಮಿಷ ಅದ, ಪೂರ್ತಿ ಕೇಳ್ತೀರೇನು?” ಎಂದು ಅನುಮಾನಿಸಿದಳು. ಪೂರ್ತಿ ಕೇಳಿದೆವು. ವಿಲಂಬಿತದ ಬಢತ್ ನನಗೆ ಬಹಳ ಹಿಡಿಸಿತು, ದ್ರುತದ ಕೊನೆ ಅಷ್ಟು ಹಿಡಿಸಲಿಲ್ಲ, ಎರಡನ್ನೂ ಹೇಳಿದೆನು. ಅವಳು ದ್ರುತದ ಪಕ್ಷ ಹಿಡಿದು ವಾದಿಸಿದಳು. ಆಮೇಲೆ, “ಮನ್ಸೂರ ಅಜ್ಜಾವರನ್ನರೆ ಖರೇನ ಕೇಳೀರಲ್ಲ, ಅವತ್ತು ಯಾವ ರಾಗ ಹಾಡಿದ್ರು?” ಎಂದಳು. ಆ ರಾತ್ರಿಯ ಬೈಠಕಿನ ಕಥೆಯನ್ನು ನಾನು ಸುಮಾರು ಐವತ್ತು ವರ್ಷ ಎಷ್ಟೋ ಜನರ ಮುಂದೆ ಹೇಳಿಕೊಂಡವನು. ರಾಗದ ಹೆಸರನ್ನು ಈ ವರೆಗೆ ಯಾರೂ ಕೇಳಿರಲಿಲ್ಲ. ಅವರು ಹಾಡಲು ಕೂತಾಗ ನಡುರಾತ್ರಿ ಮೀರಿತ್ತೆಂದೂ, ನಾನು ಹಿಂದಿನ ಕಂಬಕ್ಕೆ ಆತು ನಿದ್ದೆ ಹೋಗಿದ್ದೆನೆಂದೂ, ಎಚ್ಚರಾದಾಗ ಜನರು ಎದ್ದು ಚಪ್ಪಲಿ ಹುಡುಕುತ್ತಿದ್ದರೆಂದೂ ಮೊದಲ ಸಲ ಅವಳ ಮುಂದೆ ಒಪ್ಪಿಕೊಂಡೆನು.