ಬರುವುದಕ್ಕೊಂದು ನೆಪ

ಸಾವಿನ ಮನೆಯಲ್ಲಿ ಒಲೆ ಹಚ್ಚುವುದಿಲ್ಲ. ಅಕ್ಕಪಕ್ಕದವರೇ ಅನ್ನ ಸಾರು ಮಾಡಿ ತರುತ್ತಾರೆ. ತಂದವಳು ಪಾತ್ರೆ ಇಟ್ಟು ಹೊರಟುಬಿಡುವುದಿಲ್ಲ. ಆ ಮನೆಯ ಅಡುಗೆಕೋಣೆಯಲ್ಲಿ ತಟ್ಟೆ ಹುಡುಕಿ, ಮಕ್ಕಳಿಗೆ ಮೊದಲು ಬಡಿಸಿ, ಆಮೇಲೆ ಗೋಡೆಗೊರಗಿ ಕೂತವಳ ಪಕ್ಕ ಹೋಗಿ, ‘ಎರಡು ತುತ್ತು ತಿನ್ನು, ಬಿ.ಪಿ. ಮಾತ್ರೆ ನುಂಗಬೇಕಲ್ಲ’ ಅನ್ನುತ್ತಾಳೆ. ಕಾಂಪೌಂಡ್ ಜಗಳದಲ್ಲಿ ವರ್ಷಗಟ್ಟಲೆ ಮಾತು ಬಿಟ್ಟಿದ್ದವರೂ ಅಂಥ ದಿನ ಕಾಫಿ ಫ್ಲಾಸ್ಕ್ ಹಿಡಿದು ಬಂದದ್ದನ್ನು ನೋಡಿದ್ದೇನೆ. ಜಗಳವೇನೂ ತೀರಿರಲಿಲ್ಲ, ಸ್ವಲ್ಪ ದಿನ ಬಿಟ್ಟು ಮತ್ತೆ ಶುರುವಾಯಿತು. ಆದರೆ ಅವತ್ತು ಬಂದರು.

ಬಂದವರೆಲ್ಲ ನೋವು ಅರಿತವರು ಎಂದಲ್ಲ. ‘ಎಷ್ಟೊತ್ತಿಗಾಯ್ತು, ಡಾಕ್ಟರ್ ಏನಂದ್ರು’ ಎಂದು ಹತ್ತನೇ ಸಲ ಕೇಳುವವರಿರುತ್ತಾರೆ. ‘ಋಣ ಇದ್ದದ್ದೇ ಅಷ್ಟು’ ಎಂದು ಒಂದೇ ಮಾತಿನಲ್ಲಿ ಕೈ ತೊಳೆದುಕೊಳ್ಳುವವರೂ ಇರುತ್ತಾರೆ. ಇವರನ್ನು ಕಂಡರೆ ನನಗೆ ಮೊದಲು ಸಿಟ್ಟು ಬರುತ್ತಿತ್ತು. ಈಗ ಅಷ್ಟಿಲ್ಲ. ಹತ್ತು ಸಲ ಹೇಳಿದ ಮೇಲೇ ಆದದ್ದು ನಿಜ ಎಂದು ಕೆಲವರ ಮನಸ್ಸು ಒಪ್ಪುತ್ತದೆ. 2020ರ ಲಾಕ್‌ಡೌನಿನಲ್ಲಿ ಅಂತ್ಯಕ್ರಿಯೆಗೆ 20ಕ್ಕಿಂತ ಹೆಚ್ಚು ಜನ ಸೇರುವ ಹಾಗಿರಲಿಲ್ಲ. ಕೇಳಿದ್ದನ್ನೇ ಕೇಳುವ ಆ ದೂರದ ನೆಂಟರೂ ಯಾಕೆ ಬೇಕಾಗಿತ್ತೆಂದು ಆಗ ಎಷ್ಟೋ ಮನೆಗಳಿಗೆ ಗೊತ್ತಾಯಿತು.

ಅಮೆರಿಕದ ಮನಶ್ಶಾಸ್ತ್ರಜ್ಞ ಜೇಮ್ಸ್ ಕೋನ್ ಮತ್ತು ಜೊತೆಗಾರರು 2006ರಲ್ಲಿ ಒಂದು ಪ್ರಯೋಗದ ಫಲಿತಾಂಶ ಪ್ರಕಟಿಸಿದರು. 16 ಮಂದಿ ವಿವಾಹಿತ ಮಹಿಳೆಯರನ್ನು ಸ್ಕ್ಯಾನಿಂಗ್ ಯಂತ್ರದೊಳಗೆ ಮಲಗಿಸಿ, ಈಗ ಸಣ್ಣ ಶಾಕ್ ಹೊಡೆಯಬಹುದು ಎಂಬ ಸೂಚನೆ ಕೊಡುತ್ತಿದ್ದರು. ಒಮ್ಮೆ ಕೈ ಹಿಡಿಯಲು ಯಾರೂ ಇಲ್ಲ, ಒಮ್ಮೆ ಗಂಡ, ಒಮ್ಮೆ ಅಪರಿಚಿತ. ಗಂಡನ ಕೈ ಹಿಡಿದಾಗ ಮಿದುಳಿನಲ್ಲಿ ಭಯದ ಗಲಿಬಿಲಿ ಚೆನ್ನಾಗಿ ತಗ್ಗಿತ್ತು, ದಾಂಪತ್ಯ ಗಟ್ಟಿಯಾಗಿದ್ದವರಲ್ಲಿ ಇನ್ನೂ ಹೆಚ್ಚು. ಇದರಲ್ಲಿ ಆಶ್ಚರ್ಯವೇನಿಲ್ಲ. ನನ್ನನ್ನು ತಡೆದು ನಿಲ್ಲಿಸಿದ್ದು ಇನ್ನೊಂದು: ಹೆಸರೂ ಗೊತ್ತಿಲ್ಲದವರ ಕೈಯೂ ಅಷ್ಟಲ್ಲದಿದ್ದರೂ ಸ್ವಲ್ಪ ತಗ್ಗಿಸಿತ್ತು.

ಸಾವಿಗಾದರೆ ಬರುವ ದಾರಿ ಇದೆ. ಯಾವಾಗ ಹೋಗಬೇಕು, ಏನು ಒಯ್ಯಬೇಕು, ಹೊರಡುವಾಗ ‘ಹೋಗಿ ಬರ್ತೀವಿ’ ಅನ್ನಬಾರದು, ಇದೆಲ್ಲ ಹಿರಿಯರು ಹೇಳಿಕೊಟ್ಟದ್ದು. ಆದರೆ ಗರ್ಭ ನಿಲ್ಲದೇ ಹೋದವಳ ಮನೆಗೆ? ಮಗಳು ಗಂಡನ ಮನೆ ಬಿಟ್ಟು ಬಂದು ಕೂತಿರುವ ಮನೆಗೆ? ಸಾಲಗಾರರು ಬಂದು ಕೂಗಾಡಿ ಹೋದ ಮನೆಗೆ? ಅಲ್ಲಿ ಒಲೆ ಉರಿಯುತ್ತಿರುತ್ತದೆ, ಹಾಗಾಗಿ ಯಾರೂ ಅನ್ನ ತರುವುದಿಲ್ಲ. ಏನಂತ ಹೋಗೋದು, ಅವರಿಗೇ ಮುಜುಗರ ಆಗಬಹುದು ಎಂದು ನಾವು ಸಭ್ಯವಾಗಿ ದೂರ ಉಳಿಯುತ್ತೇವೆ. ಬಾಗಿಲ ಒಳಗಿನವರಿಗೆ ಆ ಸಭ್ಯತೆ ತಾತ್ಸಾರದ ಹಾಗೆ ಕಾಣುತ್ತದೆ.

ಜಿಂಬಾಬ್ವೆಯ ಮನೋವೈದ್ಯ ಡಿಕ್ಸನ್ ಚಿಬಾಂಡ 2006ರಲ್ಲಿ ಹರಾರೆಯ ಎಂಬಾರೆ ಬಡಾವಣೆಯಲ್ಲಿ 14 ಅಜ್ಜಿಯರನ್ನು ಕಟ್ಟಿಕೊಂಡು ಕೆಲಸ ಶುರುಮಾಡಿದ್ದು ಇಂಥ ನೋವುಗಳಿಗಾಗಿಯೇ. ದೇಶದಲ್ಲಿ ಮನೋವೈದ್ಯರು ಬೆರಳೆಣಿಕೆಯಷ್ಟು. ಅಜ್ಜಿಯರಿಗೆ ತರಬೇತಿ ಕೊಟ್ಟು, ಆರೋಗ್ಯ ಕೇಂದ್ರದ ಅಂಗಳದಲ್ಲಿ ಒಂದು ಮರದ ಬೆಂಚು ಹಾಕಿಸಿದರು. ಮನೋರೋಗದ ಹೆಸರಿನ ಬೆಂಚಿಗೆ ಯಾರೂ ಬರಲಾರರು ಎಂದು ಅಜ್ಜಿಯರೇ ಹೇಳಿ ಅದನ್ನು ಸ್ನೇಹದ ಬೆಂಚು ಮಾಡಿದರು. ಬೆಂಚಿನ ಮೇಲೆ ಕೂತವರ ದುಗುಡ ಮಾಮೂಲಿ ಚಿಕಿತ್ಸೆ ಪಡೆದವರಿಗಿಂತ ಹೆಚ್ಚು ಇಳಿದಿತ್ತೆಂದು 2016ರಲ್ಲಿ ಪ್ರಕಟವಾದ ಅಧ್ಯಯನ ತೋರಿಸಿತು. ಬೆಂಚಿನಿಂದ ಎದ್ದ ಹೆಂಗಸರು ಮುಂದೆ ಗುಂಪಾಗಿ ಸೇರಿ, ಹಳೆ ಪ್ಲಾಸ್ಟಿಕ್ಕಿನಿಂದ ಚೀಲ ಹೆಣೆಯುತ್ತಾ ತಮ್ಮ ಕಷ್ಟ ಸುಖ ಹೇಳಿಕೊಳ್ಳುತ್ತಾರೆ. ಕೈಗೆ ಕೆಲಸವಿದ್ದರೆ ಎದುರಿನವರ ಮುಖ ನೋಡುವ ಕಷ್ಟ ಇರುವುದಿಲ್ಲ.

ನಮ್ಮ ಬೀದಿಯಲ್ಲೂ ಒಂದು ಚಳಿಗಾಲ ಹೀಗೇ ಆಯಿತು. ಹೊಟ್ಟೆಯಲ್ಲಿದ್ದ ಕೂಸನ್ನು ಕಳೆದುಕೊಂಡ ಹುಡುಗಿ ಬಾಗಿಲು ಹಾಕಿಕೊಂಡು ಕೂತಿದ್ದಳು. ಎದುರುಮನೆಯ ಹೆಂಗಸು ಸಂಜೆ ಹೊತ್ತು ಒಂದು ಮೊರ ಸೊಗಡಿನ ಅವರೆಕಾಯಿ ಎತ್ತಿಕೊಂಡು ಹೋಗಿ, ‘ಒಬ್ಬಳಿಗೇ ಬೇಜಾರು, ಸ್ವಲ್ಪ ಬಿಡಿಸಿಕೊಡು’ ಎಂದು ಜಗಲಿಯಲ್ಲಿ ಕೂತಳು. ಮೊದಮೊದಲು ಇಬ್ಬರೂ ಸುಮ್ಮನೆ ಸಿಪ್ಪೆ ಒಂದು ಕಡೆ, ಕಾಳು ಒಂದು ಕಡೆ ಹಾಕುತ್ತಿದ್ದರು. ಹುಳುಕು ಕಾಯಿ ಸಿಕ್ಕಾಗ ಮಾತ್ರ ಒಂದೆರಡು ಮಾತು. ಕೆಲವು ದಿನ ಕಳೆದ ಮೇಲೆ ಹುಡುಗಿ, ತಲೆ ಎತ್ತದೆ, ಕೂಸಿಗೆ ಇಡಬೇಕೆಂದಿದ್ದ ಹೆಸರು ಹೇಳಿದಳಂತೆ. ಹೆಂಗಸು ಆ ಹೆಸರನ್ನು ಒಂದು ಸಲ ತಾನೂ ಅಂದು, ಇನ್ನೊಂದು ಹಿಡಿ ಕಾಯಿ ಅವಳ ಮುಂದೆ ಸುರಿದಳು.

ಆ ತಿಂಗಳೆಲ್ಲ ಎದುರುಮನೆಯಲ್ಲಿ ಹಿದುಕಬೇಳೆ ಸಾರು, ಅವರೆಕಾಳು ಉಪ್ಪಿಟ್ಟು, ಮತ್ತೆ ಹಿದುಕಬೇಳೆ ಸಾರು. ಗಂಡ ಮಕ್ಕಳು ಸಾಕು ಮಾಡೇ ಎಂದು ಗೊಣಗಿದರೂ ಅವಳು ಸಂತೆಯಲ್ಲಿ ಅವರೆಕಾಯಿ ಮುಗಿಯುವತನಕ ಕೊಳ್ಳುತ್ತಲೇ ಇದ್ದಳು.